ದೊಡ್ಡ ಕೀ ಸರ್

"ಸರ್, ನೀವು ಮಾತಾಡೋದು ಬೇಡ. ನಾನು ಒಂದೊಂದೇ ಅಕ್ಷರ ತೋರಿಸ್ತೀನಿ. ಅದೇ ಹೌದು ಅಂದ್ರೆ ಕಣ್ಣು ಮುಚ್ಚಿ. ಅಷ್ಟೇ ಸಾಕು."

ಸ್ಲೇಟಿನ ಮೇಲೆ ಎ, ಬಿ, ಸಿ, ಡಿ ಬರೆದು ಅವರ ಮುಖದ ಮುಂದೆ ಹಿಡಿದೆ. ಅವರು ಸ್ಲೇಟು ನೋಡಲಿಲ್ಲ. ನನ್ನನ್ನೇ ನೋಡಿದರು. ಎಡಗೈ ಎತ್ತಿ ಎರಡು ಬೆರಳು ತೋರಿಸಿದರು. ಬಲಗೈ ಹೊದಿಕೆಯ ಮೇಲೆ ಸತ್ತ ಹಾಗೆ ಬಿದ್ದಿತ್ತು.

"ಎರಡನೇದಾ ಸರ್? ಬಿ ನಾ?"

ಇಲ್ಲ ಎಂದು ತಲೆ ಆಡಿಸಿದರು. ಮತ್ತೆ ಎರಡು ಬೆರಳು.

"ಎರಡು ಪದಾನಾ?"

ಇಲ್ಲ. ಮುಖ ಕೆಂಪಾಯಿತು. ಗಂಟಲಿನಿಂದ ಏನೋ ಸದ್ದು ಬಂತು. ಅದು ಮಾತಾಗಿರಲಿಲ್ಲ.

ಅವರ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದರು. ನಾನು ಅವರನ್ನು ಅಮ್ಮ ಎನ್ನುತ್ತೇನೆ. "ಬೆಳಿಗ್ಗೆ ಗಂಜಿ ಕುಡಿಸುವಾಗಲೂ ಹಂಗೇ ಎರಡು ಬೆರಳು ತೋರಿಸಿದ್ರಪ್ಪಾ. ಎರಡು ಚಮಚ ಸಾಕು ಅಂತ ನಿಲ್ಲಿಸ್ದೆ. ಅದಕ್ಕೂ ಸಿಟ್ಟು ಮಾಡ್ಕೊಂಡ್ರು" ಎಂದರು.

ಆಗ ಒಂಬತ್ತು ದಿನ ಉಳಿದಿತ್ತು. ಒಂಬತ್ತು ದಿನದೊಳಗೆ ಸರ್ ತಲೆಯಲ್ಲಿದ್ದ ಪಾಸ್‌ವರ್ಡ್ ನನಗೆ ಸಿಗಬೇಕಿತ್ತು. ಸಿಗದಿದ್ದರೆ ನಮ್ಮ ಆಫೀಸು ನೋಡಿಕೊಳ್ಳುವ ಮೂವತ್ತೊಂಬತ್ತು ವೆಬ್‌ಸೈಟುಗಳ ಹೆಸರು ಸತ್ತುಹೋಗುತ್ತಿದ್ದವು. ಅದರಲ್ಲಿ ಒಂದು ರಕ್ತನಿಧಿಯದು. ಯಾವ ಗುಂಪಿನ ರಕ್ತ ಎಷ್ಟು ಬಾಟಲಿ ಇದೆ ಎಂದು ಜನ ಅದರಲ್ಲಿ ನೋಡುತ್ತಾರೆ. ಸರ್ ದಿನಾ ಬೆಳಿಗ್ಗೆ ಬಂದ ತಕ್ಷಣ ಮೊದಲು ಅದೇ ಹೆಸರು ತೆರೆದು ನೋಡುತ್ತಿದ್ದರು. ಕುರ್ಚಿ ಎಳೆದುಕೊಳ್ಳುವುದು ಆಮೇಲೆ.

ಆಫೀಸು ಇರುವುದು ಶಂಕರಪುರಂನಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮೇಲೆ. ಎರಡು ರೂಮು. ಓನರ್ ಮನೆಯವರದು ಹಿಂದೆ ಪೇಟೆಯಲ್ಲಿ ನೂಲಿನ ಅಂಗಡಿ. ಅದನ್ನು ಮುಚ್ಚಿ ಇದನ್ನು ತೆರೆದರು. ಗಿರಾಕಿಗಳೆಲ್ಲ ಹಳೇ ಏರಿಯಾದವರೇ. ಛತ್ರಗಳು, ಹಾಸ್ಟೆಲ್ಲು, ಸೊಸೈಟಿ, ಸಂಗೀತ ಶಾಲೆ, ಗಾಂಧಿನಗರದ ಒಂದಿಬ್ಬರು ಸಿನಿಮಾ ಹಂಚಿಕೆದಾರರು.

ನಾನು ಅಲ್ಲಿಗೆ ಹೋಗಿದ್ದು ಕೇಬಲ್ ಎಳೆಯಲು. ಹತ್ತನೇ ಕ್ಲಾಸು ಎರಡು ಸಲ ಕೂತೆ, ಎರಡು ಸಲವೂ ಪಾಸಾಗಲಿಲ್ಲ. ಏಣಿ ಮೇಲೆ ನಿಂತು ಗೋಡೆಗೆ ಕ್ಲಿಪ್ ಹೊಡೆಯುತ್ತಿದ್ದಾಗ ಕೆಳಗಿನಿಂದ ಯಾರೋ, "ಏನಯ್ಯಾ, ಆ ವೈರ್ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಹೇಳು" ಎಂದರು. ಹೇಳಿದೆ. "ಇನ್ನೊಂದು?" ಅದನ್ನೂ ಹೇಳಿದೆ. ಹದಿನಾಲ್ಕು ವೈರು ಕೇಳಿದರು. ಹದಿನಾಲ್ಕೂ ಹೇಳಿದೆ. "ಇಳಿ ಕೆಳಗೆ" ಎಂದು ಓನರ್ ಹತ್ತಿರ ಕರೆದುಕೊಂಡು ಹೋಗಿ, "ಇವನು ನನಗೆ ಬೇಕು" ಎಂದರು. ನನ್ನ ಕೆಲಸದ ಇಂಟರ್‌ವ್ಯೂ ಅಷ್ಟೇ.

ಹಾಗೆ ಕೇಳಿದವರೇ ಸರ್. ಮೊದಲು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದು ರಿಟೈರ್ ಆದವರು. ಕುಳ್ಳಗೆ, ಅರ್ಧ ತೋಳಿನ ಶರ್ಟು. ಶರ್ಟಿನ ಜೇಬಿನಲ್ಲಿ ಸ್ಟೀಲಿನ ಚಿಕ್ಕ ಅಡಿಕೆ ಡಬ್ಬಿ. ಅವರು ಅಡಿಕೆ ಹಾಕುತ್ತಿರಲಿಲ್ಲ. ಡಬ್ಬಿಯೊಳಗೆ ಒಂದು ಪೆನ್‌ಡ್ರೈವ್ ಇತ್ತು. ಅದರಲ್ಲಿದ್ದದ್ದೇ ದೊಡ್ಡ ಕೀ.

ಈ ಕೀ ಅಂದರೆ ಏನು ಎಂದು ಅವರು ನನಗೆ ಹೇಳಿದ ಹಾಗೇ ಹೇಳುತ್ತೇನೆ. ವೆಬ್‌ಸೈಟಿನ ಹೆಸರು ಟೈಪ್ ಮಾಡಿದರೆ, ಆ ಹೆಸರು ಯಾವ ಮೆಷಿನ್ನಿನಲ್ಲಿದೆ ಎಂದು ಯಾರೋ ದಾರಿ ಹೇಳಬೇಕು. ಹಾಗೆ ದಾರಿ ಹೇಳುವ ಸರ್ವರ್ ನಮ್ಮಲ್ಲಿತ್ತು. ದಾರಿ ಹೇಳುವವನ ವೇಷ ಹಾಕಿಕೊಂಡು ಕಳ್ಳ ಕೂಡ ದಾರಿ ಹೇಳಬಹುದು. ಅದಕ್ಕೆ ನಮ್ಮ ಪ್ರತಿ ಉತ್ತರಕ್ಕೂ ಒಂದು ಸಹಿ. ಸಹಿ ಹಾಕುವುದು ಚಿಕ್ಕ ಕೀ. ಆ ಚಿಕ್ಕ ಕೀ ನಮ್ಮದೇ ಎಂದು ಸಹಿ ಹಾಕುವುದು ದೊಡ್ಡ ಕೀ. ದೊಡ್ಡ ಕೀಯ ಮಾದರಿ ಸಹಿ ಮೇಲಿನ ಆಫೀಸಿನಲ್ಲಿ, ಅಂದರೆ ನಾವು ಹೆಸರು ತೆಗೆದುಕೊಂಡ ಕಂಪನಿಯಲ್ಲಿ ಇರುತ್ತದೆ. ಊರಿನ ಮೆಷಿನ್ನುಗಳು ಅದಕ್ಕೂ ಇದಕ್ಕೂ ತಾಳೆ ನೋಡುತ್ತವೆ. ತಾಳೆ ಆಗದಿದ್ದರೆ ಅಂಥ ಹೆಸರೇ ಇಲ್ಲ ಎಂದುಬಿಡುತ್ತವೆ.

"ಬ್ಯಾಂಕಲ್ಲಿ ಮಾದರಿ ಸಹಿ ಕಾರ್ಡ್ ಇರುತ್ತಲ್ಲಯ್ಯಾ, ಅದೇ ಇದು" ಎಂದಿದ್ದರು.

"ಅಷ್ಟೇನಾ ಸರ್?"

"ಅಷ್ಟೇ. ಇದಕ್ಕೇ ಜನ ಕೋಟು ಹಾಕ್ಕೊಂಡು ಬಂದು ಪಾಠ ಮಾಡ್ತಾರೆ."

ಈ ಸಹಿ ಹಾಕುವ ಉಸಾಬರಿ ಅವರಿಗೆ ಯಾಕೆ ಬೇಕಿತ್ತು ಎಂದು ಒಂದು ಸಲ ಕೇಳಿದ್ದೆ. ನಾನು ಬರುವ ಮೊದಲಿನ ಕಥೆ. ಒಂದು ಛತ್ರದ ಹೆಸರು ಹಾಕಿದರೆ ಕೆಲವರಿಗೆ ಬೇರೆ ಯಾರದೋ ಪುಟ ಬರುತ್ತಿತ್ತಂತೆ. ಒಂದು ಮನೆಯವರು ಅದರಲ್ಲಿದ್ದ ಫೋನಿಗೆ ಮಾತಾಡಿ ಮಗಳ ಮದುವೆಗೆ ದಿನ ಗೊತ್ತು ಮಾಡಿಕೊಂಡಿದ್ದಾರೆ. ಆವತ್ತು ಬೆಳಿಗ್ಗೆ ಟೆಂಪೊದಲ್ಲಿ ಪಾತ್ರೆ, ತರಕಾರಿ, ಅಡುಗೆಯವರು ಎಲ್ಲರನ್ನೂ ಕರೆತಂದರೆ ಒಳಗೆ ಇನ್ಯಾರದೋ ಮದುವೆ. ಸರ್ ಆ ಬೇರೆಯವರ ಮದುವೆಗೆ ಊಟಕ್ಕೆ ಹೋಗಿದ್ದರಂತೆ.

"ಹುಡುಗಿ ಮದುಮಗಳ ಸೀರೆ ಉಟ್ಕೊಂಡು ಫುಟ್‌ಪಾತಲ್ಲಿ ನಿಂತಿತ್ತು ಕಣಯ್ಯಾ. ನಾನು ಊಟ ಮಾಡದೇ ವಾಪಸ್ ಬಂದೆ." ಇಷ್ಟು ಹೇಳಿ ಡಬ್ಬಿಯ ಮುಚ್ಚಳ ಒತ್ತಿ ನೋಡಿಕೊಂಡರು.

ಅವರ ಸ್ಕ್ರಿಪ್ಟುಗಳು ಚಿಕ್ಕವು. ಹತ್ತು ಹನ್ನೆರಡು ಸಾಲು, ಅಷ್ಟೇ. ಹತ್ತನೇ ಕ್ಲಾಸು ಫೇಲಾದ ನಾನು ಓದಿ ಅರ್ಥ ಮಾಡಿಕೊಳ್ಳುವಷ್ಟು. ನಾಲ್ಕೇ ಇದ್ದವು. 'ಹೊಸದು' ಎನ್ನುವುದು ಹೊಸ ಕೀ ಹುಟ್ಟಿಸುತ್ತಿತ್ತು. 'ಸಹಿ' ಸಹಿ ಹಾಕುತ್ತಿತ್ತು. 'ಹಳೇದು' ಹಳೇ ಕೀ ತೆಗೆದುಹಾಕುತ್ತಿತ್ತು. ಇವುಗಳ ಮಧ್ಯೆ ಇನ್ನೊಂದು, ಅದರ ಹೆಸರು 'ತಡಿ'. ಅದು ಏನೂ ಮಾಡುತ್ತಿರಲಿಲ್ಲ. "ತಡಿ, ಇನ್ನೂ ಮೂವತ್ತೊಂದು ಗಂಟೆ" ಎಂದು ತೋರಿಸಿ ಸುಮ್ಮನಾಗುತ್ತಿತ್ತು. ಅದು ಹೂಂ ಅನ್ನುವವರೆಗೆ 'ಹಳೇದು' ಓಡುತ್ತಿರಲಿಲ್ಲ.

ನನಗೆ ತಡಿ ಕಂಡರೆ ಆಗುತ್ತಿರಲಿಲ್ಲ. "ಹೊಸ ಕೀ ಬಂತಲ್ಲ ಸರ್, ಹಳೇದು ಕಿತ್ತು ಬಿಸಾಕೋಣ" ಎಂದರೆ, "ಊರಲ್ಲಿರೋ ಮೆಷಿನ್‌ಗಳ ಹತ್ರ ಹಳೇ ನೆನಪು ಇರುತ್ತೆ ಕಣಯ್ಯಾ. ಅದು ಆರೋವರೆಗೂ ಎರಡೂ ಇರ್ಲಿ" ಎನ್ನುತ್ತಿದ್ದರು.

ಎರಡೂ ಇರ್ಲಿ. ದಿನಕ್ಕೆ ಹತ್ತು ಸಲ ಈ ಮಾತು. ಆಫೀಸಿನ ಗೋಡೆ ಗಡಿಯಾರ ಕೆಟ್ಟು ಕೆಟ್ಟು ನಡೆಯುತ್ತಿತ್ತು. ಓನರ್ ಹೊಸದು ತಂದರು. ಸರ್ ಹೊಸದನ್ನು ಹಳೇದರ ಪಕ್ಕದಲ್ಲೇ ಮೊಳೆ ಹೊಡೆದು ಹಾಕಿದರು. "ಹೊಸದರ ಬುದ್ಧಿ ಗೊತ್ತಾಗೋವರೆಗೂ ಎರಡೂ ಇರ್ಲಿ." ಕನ್ನಡಕ ಬದಲಾಯಿಸಿದಾಗಲೂ ವಾರವಿಡೀ ಎರಡನ್ನೂ ಕೊರಳಿಗೆ ನೇತು ಹಾಕಿಕೊಂಡು ಓಡಾಡಿದರು. ಗಾಂಧಿ ಬಜಾರಿನಲ್ಲಿ ಕಾಫಿ ಕುಡಿಯುವಾಗ ಯಾರೋ ನಕ್ಕರು. ಇವರು ಒಂದನ್ನು ಹಾಕಿಕೊಂಡು ಅವರನ್ನು ನೋಡಿದರು, ಆಮೇಲೆ ಇನ್ನೊಂದು ಹಾಕಿಕೊಂಡು ನೋಡಿದರು. "ಎರಡರಲ್ಲೂ ಹಂಗೇ ಕಾಣ್ತೀರಿ" ಎಂದರು.

ಒಂದು ಸಲ ನಾನು ತಡಿಯನ್ನು ದಾಟಿಬಿಟ್ಟೆ. ಅವರು ಊಟಕ್ಕೆ ಹೋಗಿದ್ದರು. ಹಾಸ್ಟೆಲ್ಲಿನ ಹೆಸರಿಗೆ ಚಿಕ್ಕ ಕೀ ಬದಲಾಯಿಸುತ್ತಿದ್ದೆ. ಇನ್ನೂ ಇಪ್ಪತ್ತು ಗಂಟೆ ಎಂದಿತು. ಸ್ಕ್ರಿಪ್ಟಿನಲ್ಲಿ ಆ ಸಾಲನ್ನೇ ಅಳಿಸಿ ಹಳೇದನ್ನು ಕಿತ್ತೆ. ಅರ್ಧ ಗಂಟೆಯಲ್ಲಿ ಫೋನ್ ಶುರುವಾಯಿತು. ಕೆಲವರಿಗೆ ಹಾಸ್ಟೆಲ್ ತೆರೆಯುತ್ತೆ, ಕೆಲವರಿಗೆ ಇಲ್ಲ. ಸರ್ ಬಂದು ನೋಡಿದರು, ಹಳೇ ಕೀ ವಾಪಸ್ ಹಾಕಿದರು. ಬಯ್ಯಲಿಲ್ಲ. ಫೋನನ್ನು ಎತ್ತಿ ನನ್ನ ಮುಂದೆ ಇಟ್ಟರು. "ಯಾರು ಫೋನ್ ಮಾಡಿದ್ರೂ 'ನಾನು ಆತುರ ಬಿದ್ದೆ, ತಪ್ಪಾಯ್ತು' ಅನ್ನು. ಬೇರೆ ಏನೂ ಹೇಳ್ಬೇಡ." ಸಾಯಂಕಾಲದವರೆಗೆ ಹಾಗೇ ಹೇಳಿದೆ. ಒಬ್ಬ ಹುಡುಗನ ಅಪ್ಪ ಹಾಸನದಿಂದ ಫೋನ್ ಮಾಡಿದ್ದ. "ಯಾಕಪ್ಪಾ ಆತುರ ಬಿದ್ದೆ?" ಎಂದು ನಿಜವಾಗಿ ಕೇಳಿದ. ಅವನಿಗೂ ಅದನ್ನೇ ಹೇಳಿದೆ, ಆತುರ ಬಿದ್ದೆ, ತಪ್ಪಾಯ್ತು ಎಂದು.

ಆಮೇಲೆ ಮತ್ತೆ ತಡಿ ದಾಟಲಿಲ್ಲ. ಬುದ್ಧಿ ಮಾತ್ರ ಪೂರ್ತಿ ಬಂದಿರಲಿಲ್ಲ. ಅದನ್ನೂ ಹೇಳಬೇಕು.

ದೊಡ್ಡ ಕೀಯನ್ನು ವರ್ಷಕ್ಕೊಮ್ಮೆ ಬದಲಾಯಿಸುತ್ತಿದ್ದರು. ಅದೇ ದಿನ ಪೆನ್‌ಡ್ರೈವಿನ ಪಾಸ್‌ವರ್ಡ್ ಕೂಡ ಬದಲು. ಪಾಸ್‌ವರ್ಡನ್ನು ಎಲ್ಲೂ ಬರೆಯುವ ಹಾಗಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕಿವಿಯಲ್ಲಿ ಮೂರು ಸಲ ಹೇಳುತ್ತಿದ್ದರು. ನಾನು ಮೂರು ಸಲ ವಾಪಸ್ ಹೇಳಬೇಕು. "ಬರೆದಿಟ್ರೆ ಅದು ಪಾಸ್‌ವರ್ಡ್ ಅಲ್ಲ, ನೋಟೀಸು" ಎನ್ನುತ್ತಿದ್ದರು. ಎರಡು ವರ್ಷ ಹಾಗೇ ಕಲಿತೆ. ಮೂರನೇ ವರ್ಷ, "ಭಾನುವಾರ ಹತ್ತು ಗಂಟೆಗೆ ಬಾ, ದೊಡ್ಡ ಕೀ ಬದಲಾಯಿಸೋದಿದೆ" ಎಂದರು. ಆವತ್ತೇ ಬಿನ್ನಿಪೇಟೆಯಲ್ಲಿ ನಮ್ಮ ಹುಡುಗರ ಟೆನ್ನಿಸ್ ಬಾಲ್ ಕ್ರಿಕೆಟ್. ಜ್ವರ ಎಂದು ಫೋನ್ ಮಾಡಿದೆ.

ಸೋಮವಾರ ಹೋದಾಗ ನನ್ನ ಮೂಗು ಬಿಸಿಲಿಗೆ ಸುಟ್ಟಿತ್ತು. ಸರ್ ನೋಡಿದರು. "ಜ್ವರ ಬರೀ ಮೂಗಿಗೆ ಬಂದಿತ್ತೇನಯ್ಯಾ?"

"ಸರ್..."

"ಎಷ್ಟು ಹೊಡ್ದೆ?"

"ಹದಿನೇಳು."

"ಹದಿನೇಳಕ್ಕೆ ಜ್ವರ ಬರಿಸ್ಕೊಂಡ್ಯಲ್ಲ. ಐವತ್ತಾದ್ರೂ ಹೊಡೀಬಾರ್ದಾ? ಬಾ, ಪಾಸ್‌ವರ್ಡ್ ಹೇಳ್ಕೊಡ್ತೀನಿ."

ಆಗ ಯಾರೋ ಗಿರಾಕಿ ಬಂದ. ನಾನು, "ಆಮೇಲೆ ಹೇಳಿ ಸರ್, ನೀವೇನು ಎಲ್ಲಿಗಾದ್ರೂ ಹೋಗ್ತೀರಾ" ಎಂದೆ. ಅದಾದ ಮೇಲೆ ಅವರು ಎರಡು ಸಲ ನೆನಪಿಸಿದರು. ಎರಡು ಸಲವೂ ಆಮೇಲೆ ಎಂದೆ.

ದೊಡ್ಡ ಕೀ ಹಾಕಿದ ಸಹಿಗೆ ಮೂವತ್ತು ದಿನದ ಆಯಸ್ಸು. ಸರ್ ಹದಿನೈದು ದಿನಕ್ಕೊಮ್ಮೆ ಡಬ್ಬಿ ತೆರೆದು ಹೊಸ ಸಹಿ ಹಾಕುತ್ತಿದ್ದರು. ಅಂಥ ಒಂದು ದಿನ ಬೆಳಿಗ್ಗೆ, ಚಾಮರಾಜಪೇಟೆಯ ಮನೆಯಲ್ಲಿ ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದವರು ಕುಸಿದುಬಿದ್ದರು. ಲಕ್ವ. ಬಲಗಡೆ ಪೂರ್ತಿ ಹೋಯಿತು, ಮಾತು ಹೋಯಿತು. ಆಸ್ಪತ್ರೆಯಲ್ಲಿ ಆರು ದಿನ ನನ್ನನ್ನು ಒಳಗೆ ಬಿಡಲಿಲ್ಲ. ಮನೆಗೆ ಕರೆತಂದ ದಿನವೇ ಸ್ಲೇಟು ಹಿಡಿದುಕೊಂಡು ಹೋದೆ. ಅದನ್ನೇ ಮೊದಲು ಹೇಳಿದ್ದು.

ದಿನಾ ಹೋದೆ. ಡಬ್ಬಿ ಅವರ ದಿಂಬಿನ ಪಕ್ಕದಲ್ಲೇ ಇತ್ತು. ಲ್ಯಾಪ್‌ಟಾಪ್ ಹಾಸಿಗೆ ಮೇಲಿಟ್ಟು ಪೆನ್‌ಡ್ರೈವ್ ಚುಚ್ಚಿ, ತೋಚಿದ್ದನ್ನೆಲ್ಲ ಹಾಕಿ ನೋಡಿದೆ. ಹಿಂದಿನ ವರ್ಷದ್ದು, ಅದರ ಹಿಂದಿನದ್ದು, ಅಮ್ಮನ ಹೆಸರು, ಅವರ ಹಳೇ ಸ್ಕೂಟರಿನ ನಂಬರು. ಪ್ರತಿ ಸಲವೂ ತಪ್ಪು ಎಂದು ಬರುತ್ತಿತ್ತು. ಸರ್ ಪ್ರತಿ ಸಲವೂ ಎಡಗೈಯಿಂದ ಲ್ಯಾಪ್‌ಟಾಪನ್ನು ತಳ್ಳುತ್ತಿದ್ದರು. ಬೇಡ, ಬೇಡ ಎನ್ನುವ ಹಾಗೆ. ಪಾಸ್‌ವರ್ಡ್ ಮರೆತುಹೋಗಿದೆ, ಅದಕ್ಕೆ ಅವಮಾನ ಆಗುತ್ತಿದೆ ಎಂದುಕೊಂಡೆ. ಮತ್ತೆ ಎರಡು ಬೆರಳು ತೋರಿಸುತ್ತಿದ್ದರು. ಒಂದರ ಪಕ್ಕ ಒಂದು, ಒತ್ತಿ ಹಿಡಿದು.

ಐದನೇ ದಿನ ಪೆನ್ಸಿಲ್ಲನ್ನು ಎಡಗೈಗೆ ಕೊಟ್ಟೆ. ಬಹಳ ಹೊತ್ತು ಕಷ್ಟಪಟ್ಟು ಎರಡು ಗೀಟು ಎಳೆದರು. ಪಕ್ಕಪಕ್ಕದಲ್ಲಿ. ಪೆನ್ಸಿಲ್ ಜಾರಿ ಬಿತ್ತು.

"ಹನ್ನೊಂದಾ ಸರ್? ಹನ್ನೊಂದು ಅಂತ ಶುರುವಾಗುತ್ತಾ?"

ಅವರ ಕಣ್ಣಿನಲ್ಲಿ ನೀರು ಬಂತು. ಅಮ್ಮ ಓಡಿ ಬಂದು, "ಸಾಕು ಬಿಡಪ್ಪಾ ಇವತ್ತಿಗೆ, ಅವರಿಗೂ ಆಗ್ತಿಲ್ಲ, ನಿನಗೂ ಆಗ್ತಿಲ್ಲ" ಎಂದರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಎದುರು ಮನೆಯವರು ನೀರಿನ ಟ್ಯಾಂಕರಿನವನ ಜೊತೆ ಜಗಳ ಆಡುತ್ತಿದ್ದರು. ಮುಗಿಯುವವರೆಗೆ ಕೇಳಿಸಿಕೊಂಡೆ. ಬೇರೆ ಏನು ಮಾಡುವುದೆಂದು ಗೊತ್ತಿರಲಿಲ್ಲ.

ನಾಲ್ಕು ದಿನ ಉಳಿದಾಗ ಓನರ್ ಕರೆದರು. ಅವರೂ ಸುಮ್ಮನೆ ಕೂತಿರಲಿಲ್ಲ. ಮೇಲಿನ ಆಫೀಸಿಗೆ ಫೋನ್ ಮಾಡಿದ್ದರು. ಮಾದರಿ ಸಹಿ ತೆಗೆದುಬಿಡಿ, ಆಮೇಲೆ ಯಾರೂ ತಾಳೆ ನೋಡಲ್ಲ, ಸಹಿಯ ಆಯಸ್ಸು ಮುಗಿದರೂ ಹೆಸರು ಸಾಯಲ್ಲ ಎಂದು ಅಲ್ಲಿಯವರು ಹೇಳಿದ್ದರು.

"ತೆಗೆದ್ಬಿಡು" ಎಂದರು ಓನರ್.

"ಹಂಗಂದ್ರೆ ಸಹಿಗೆ ಬೆಲೆನೇ ಇರಲ್ಲ ಸರ್. ಯಾರು ಬೇಕಾದ್ರೂ ನಮ್ಮ ಹೆಸರಲ್ಲಿ ದಾರಿ ಹೇಳಬಹುದು. ಅವರು ಇಷ್ಟು ವರ್ಷ..."

"ಲೋ, ಅವರು ಇಷ್ಟು ವರ್ಷ ಮಾಡಿದ್ದು ನನಗೆ ಗೊತ್ತಿಲ್ವಾ? ನಾಲ್ಕು ದಿನ ಆದ್ಮೇಲೆ ರಕ್ತನಿಧಿಯವರಿಗೆ ಏನು ಹೇಳ್ಲಿ? ಪಾಸ್‌ವರ್ಡ್ ಇದೆಯಾ ನಿನ್ನ ಹತ್ರ?"

"ಇಲ್ಲ."

"ಇನ್ನೇನಾದ್ರೂ ದಾರಿ ಗೊತ್ತಾ?"

"ಇಲ್ಲ."

"ಮತ್ತೆ?"

ಮೇಲಿನ ಆಫೀಸಿನ ಲಾಗಿನ್ ಓನರ್ ಹತ್ತಿರ ಇತ್ತು. ಅವರೇ ತೆರೆದುಕೊಟ್ಟರು. ಒಂದೊಂದೇ ಹೆಸರು ಆರಿಸಿ, ಮಾದರಿ ಸಹಿ ಅಳಿಸು ಎನ್ನುವುದನ್ನು ಒತ್ತಿದೆ. ಮೂವತ್ತೊಂಬತ್ತು ಸಲ. ಖಚಿತವಾ ಎಂದು ಪ್ರತಿ ಸಲ ಕೇಳುತ್ತಿತ್ತು. ರಕ್ತನಿಧಿಯದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಅದೂ ಮುಗಿಯಿತು.

ಏನೂ ಆಗಲಿಲ್ಲ. ನಾಲ್ಕು ದಿನ ಕಳೆದು ಐದನೇ ದಿನ ಬಂತು. ಎಲ್ಲ ಹೆಸರೂ ತೆರೆದವು. ಒಂದು ಫೋನೂ ಬರಲಿಲ್ಲ. ಒಬ್ಬ ಗಿರಾಕಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಅವರು ವರ್ಷಾನುಗಟ್ಟಲೆ ಹದಿನೈದು ದಿನಕ್ಕೊಮ್ಮೆ ಡಬ್ಬಿ ತೆರೆದು ಮಾಡಿದ್ದು ಒಂದು ಮಧ್ಯಾಹ್ನದಲ್ಲಿ ಹೋಯಿತು. ಊರು ತಿರುಗಿ ಕೂಡ ನೋಡಲಿಲ್ಲ.

ಆವತ್ತು ಸಾಯಂಕಾಲ ಸರ್ ಮನೆಗೆ ಹೋದೆ. ಬಾಗಿಲಲ್ಲೇ ಅವರ ಕಣ್ಣು ನನ್ನ ಮೇಲೆ. ಕ್ಯಾಲೆಂಡರನ್ನು ಎದುರು ಗೋಡೆಗೆ ಹಾಕಿಸಿಕೊಂಡಿದ್ದರು. ದಿನ ಎಣಿಸುತ್ತಿದ್ದರು ಎಂದು ಆಗ ಗೊತ್ತಾಯಿತು. ಎಡಗೈಯ ಎರಡು ಬೆರಳಿನಲ್ಲಿ ಕೀ ತಿರುಗಿಸುವ ಹಾಗೆ ಮಾಡಿದರು. ಆಯ್ತಾ?

"ಆಯ್ತು ಸರ್. ಎಲ್ಲ ನಡೀತಿದೆ. ರಕ್ತನಿಧಿ ನೋಡಿ" ಎಂದು ಫೋನಿನಲ್ಲಿ ತೆರೆದು ತೋರಿಸಿದೆ. ಬಿ ನೆಗೆಟಿವ್ ಮೂರು ಬಾಟಲಿ ಎಂದು ಇತ್ತು. ಅದನ್ನೇ ಬಹಳ ಹೊತ್ತು ನೋಡಿದರು. ಮೈ ಹಗುರಾದ ಹಾಗೆ ಉಸಿರು ಬಿಟ್ಟರು. ಗಂಜಿ ಪೂರ್ತಿ ಕುಡಿದರು. ಅಮ್ಮ ನನ್ನ ತಲೆ ಸವರಿ, "ನೀನು ಗೆದ್ದೆ ಬಿಡಪ್ಪಾ" ಎಂದರು. ನಾನು ಫೋನನ್ನು ಜೇಬಿಗೆ ಹಾಕಿಕೊಂಡೆ.

ಎರಡು ವಾರ ಕಳೆದು ಬ್ಯಾಂಕಿನವರು ಮನೆಗೆ ಬಂದರು. ಬಲಗೈ ಹೋದ ಮೇಲೆ ಸರ್‌ಗೆ ಸಹಿ ಮಾಡಲು ಆಗುತ್ತಿರಲಿಲ್ಲ. ಪಿಂಚಣಿಯ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ತೆಗೆದುಕೊಳ್ಳಬೇಕು. ಬಂದಿದ್ದವರು ಒಬ್ಬ ಮೇಡಂ. ಸಾಕ್ಷಿಗೆ ಒಬ್ಬರು ಬೇಕು ಎಂದು ಅಮ್ಮ ನನ್ನನ್ನು ಕರೆಸಿದ್ದರು. ಮೇಡಂ ಬ್ಯಾಗಿನಿಂದ ಒಂದು ಹಳೇ ಕಾರ್ಡು ತೆಗೆದರು. ಸರ್ ಸಹಿ ಅದರಲ್ಲಿ ನೇರವಾಗಿ, ಚೊಕ್ಕವಾಗಿ ಇತ್ತು. ಹೊಸ ಕಾರ್ಡಿನ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು, ಹಳೇ ಕಾರ್ಡಿನ ಪಕ್ಕಕ್ಕೆ ಇಟ್ಟು ಎರಡಕ್ಕೂ ಸೇರಿಸಿ ಪಿನ್ನು ಹೊಡೆದರು.

"ಹಳೇದು ಹರಿದು ಹಾಕಲ್ವಾ ಮೇಡಂ?" ಅಮ್ಮ ಕೇಳಿದರು.

"ಇಲ್ಲಮ್ಮಾ. ಇವರು ಮುಂಚೆ ಸಹಿ ಮಾಡ್ಕೊಟ್ಟಿರೋ ಕಾಗದ ಯಾವುದಾದ್ರೂ ಹೊರಗಿದ್ರೆ ಅದೂ ನಡೀಬೇಕಲ್ಲ. ಸ್ವಲ್ಪ ದಿನ ಎರಡೂ ಇರುತ್ತೆ. ಆಮೇಲೆ ಹಳೇದು ತೆಗೀತೀವಿ."

ನಾನು ಮುಂದಕ್ಕೆ ಬಾಗಿ ಪಿನ್ನು ಹೊಡೆದ ಎರಡು ಕಾರ್ಡನ್ನೂ ನೋಡಿದೆ. "ಮೇಡಂ, ಹೊಸ ಕಾರ್ಡ್ ಸೇರಿಸೋಕೆ ಹಳೇ ಸಹಿ ಬೇಕಾಗಲ್ವಾ? ಅದನ್ನ ಇನ್ನೊಂದು ಸಲ ಅವರು ಮಾಡ್ಬೇಕಾಗಿಲ್ವಾ?"

ಮೇಡಂ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. "ಮಾಡೋಕೆ ಆಗಿದ್ರೆ ನಾನ್ಯಾಕಪ್ಪಾ ಇಲ್ಲಿಗೆ ಬರ್ತಿದ್ದೆ?"

ಅಷ್ಟೇ. ಪಾಸ್‌ವರ್ಡೇ ಬೇಕಾಗಿರಲಿಲ್ಲ. ಹಳೇ ದೊಡ್ಡ ಕೀ ಡಬ್ಬಿಯೊಳಗೇ ಬಿದ್ದಿರಬಹುದಿತ್ತು. ಹೊಸದೊಂದು ದೊಡ್ಡ ಕೀ ಹುಟ್ಟಿಸಿ, ಅದರ ಮಾದರಿ ಸಹಿಯನ್ನು ಮೇಲಿನ ಆಫೀಸಿನಲ್ಲಿ ಹಳೇದರ ಪಕ್ಕದಲ್ಲಿ ಇಡಬೇಕಿತ್ತು. ಎರಡು ದಿನ ತಡೆದು, ಹೊಸದರಿಂದ ಸಹಿ ಹಾಕಬೇಕಿತ್ತು. ಹಳೇ ಸಹಿ ನೆನಪಿದ್ದವರಿಗೆ ಹಳೇ ಮಾದರಿ ಇರುತ್ತಿತ್ತು, ಹೊಸ ಸಹಿ ನೋಡಿದವರಿಗೆ ಹೊಸ ಮಾದರಿ. ಒಂದು ಹೆಸರೂ ಸಾಯುತ್ತಿರಲಿಲ್ಲ. ಒಂದು ಸಹಿಯೂ ಹೋಗುತ್ತಿರಲಿಲ್ಲ. ನನ್ನ ಹತ್ತಿರ ಒಂಬತ್ತು ದಿನ ಇತ್ತು. 'ಹೊಸದು' ಇತ್ತು, 'ತಡಿ' ಇತ್ತು, 'ಸಹಿ' ಇತ್ತು. ನಾನು ಸ್ಲೇಟು ಹಿಡಿದುಕೊಂಡು ಅಕ್ಷರ ಹುಡುಕುತ್ತಿದ್ದೆ. ಅವರು ದಿನಾ ಲ್ಯಾಪ್‌ಟಾಪ್ ತಳ್ಳಿ, ಅದು ಬೇಡ, ಎರಡೂ ಇರ್ಲಿ ಎನ್ನುತ್ತಿದ್ದರು. ಮೂರು ವರ್ಷ ಕೇಳಿದ ಮಾತು. ಬಾಯಿ ಇಲ್ಲದೆ ಹೇಳಿದಾಗ ನನಗೆ ತಿಳಿಯಲಿಲ್ಲ.

ತಲೆ ಎತ್ತಿದರೆ ಸರ್ ನನ್ನನ್ನೇ ನೋಡುತ್ತಿದ್ದರು. ಹೆಬ್ಬೆಟ್ಟಿಗೆ ಇನ್ನೂ ಶಾಯಿ. ಎಡಗೈ ಎತ್ತಿದರು. ಎರಡು ಬೆರಳು, ಪಕ್ಕಪಕ್ಕ ಒತ್ತಿ ಹಿಡಿದು. ಹುಬ್ಬು ಏರಿಸಿದರು. ಹೀಗೇ ತಾನೇ ಮಾಡಿದ್ದು?

"ಹೌದು ಸರ್" ಎಂದೆ. "ಹಂಗೇ ಮಾಡ್ದೆ. ಎರಡೂ ಇಟ್ಟಿದೀನಿ."

ಕಣ್ಣು ಮುಚ್ಚಿ ತೆರೆದರು. ಆಮೇಲೆ ಒಂದು ಬೆರಳು ಮಡಚಿದರು. ಹಳೇದು ತೆಗೆದೆಯಾ?

"ಇಲ್ಲ ಸರ್. ತಡಿ ಅಂತಿದೆ."

ಅವರು ನಕ್ಕರು. ಬಾಯಿಯ ಎಡಗಡೆ ಮಾತ್ರ. ಸದ್ದು ಬರಲಿಲ್ಲ, ಹೊಟ್ಟೆ ಮಾತ್ರ ಕುಲುಕಿತು. ನನ್ನ ಮಣಿಕಟ್ಟು ಹಿಡಿದುಕೊಂಡರು. ಶಾಯಿ ನನ್ನ ಕೈಗೂ ಹತ್ತಿತು.

ಮಾರನೇ ದಿನ ಓನರ್ ಹತ್ತಿರ ಹೋದೆ. "ಸರ್, ದಾರಿ ಗೊತ್ತಾಯ್ತು. ಮತ್ತೆ ಸಹಿ ಶುರು ಮಾಡೋಣ. ಲಾಗಿನ್ ಕೊಡಿ."

"ಈಗ ನಡೀತಿಲ್ವಾ?"

"ನಡೀತಿದೆ. ಆದ್ರೆ ಕಾವಲಿಲ್ಲ."

"ನೋಡು, ಅವರು ಬಿದ್ರು, ನಾವು ಒದ್ದಾಡಿದ್ವಿ. ನಾಳೆ ನೀನು ಬೈಕಿಂದ ಬಿದ್ರೆ? ನಾನು ನಿಮ್ಮನೆ ಮುಂದೆ ಸ್ಲೇಟ್ ಹಿಡ್ಕೊಂಡು ಕೂರ್ಲಾ? ಬೇಡ. ಯಾರ್ಗೂ ಗೊತ್ತೇ ಆಗದೆ ಇರೋ ಕೆಲಸ ಬಿಟ್ಬಿಡು."

ಪಾಸ್‌ವರ್ಡ್ ನನಗೆ ಗೊತ್ತಿಲ್ಲದೆ ಹೋದದ್ದು ನನ್ನ ಹದಿನೇಳು ರನ್ನಿನಿಂದ ಎಂದು ಹೇಳಬೇಕೆಂದುಕೊಂಡೆ. ಹೇಳಿದರೆ ಅವರ ಮಾತು ಇನ್ನೂ ಗಟ್ಟಿಯಾಗುತ್ತಿತ್ತು. ಹೇಳಲಿಲ್ಲ. ತಿಂಗಳು ಬಿಟ್ಟು ಇನ್ನೊಂದು ಸಲ ಕೇಳಿದೆ. ಆಗಲೂ ಬೇಡ ಎಂದರು. ಅವರು ಕೆಟ್ಟವರೇನಲ್ಲ.

ಆ ಎರಡು ಸಲದ ಮಧ್ಯೆ ಸರ್ ತೀರಿಕೊಂಡರು. ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಅದರ ಹಿಂದಿನ ದಿನವೂ ಹೋಗಿದ್ದೆ. ಆವತ್ತೂ ಬೆರಳು ತಿರುಗಿಸಿ ಕೇಳಿದ್ದರು, ಆವತ್ತೂ ಆಯ್ತು ಎಂದಿದ್ದೆ.

ಕಾರ್ಯಗಳೆಲ್ಲ ಮುಗಿದ ಮೇಲೆ ಅಮ್ಮ ಡಬ್ಬಿ ತಂದು ನನ್ನ ಕೈಯಲ್ಲಿಟ್ಟರು. "ನೀನೇ ಇಟ್ಕೊಳಪ್ಪಾ. ಆಫೀಸಿಗೆ ಬೇಕಾಗುತ್ತಲ್ಲ, ಇದಿಲ್ದೆ ಏನೂ ನಡಿಯಲ್ಲ ಅಂತಿದ್ರು."

"ಹೌದಮ್ಮಾ" ಎಂದು ಜೇಬಿಗೆ ಹಾಕಿಕೊಂಡೆ.

ಜೇಬಿನಲ್ಲೇ ಇದೆ. ಆಫೀಸಿನ ಗೋಡೆಯ ಮೇಲೆ ಗಡಿಯಾರ ಎರಡೂ ಇವೆ. ಹಳೇದು ನಿಂತುಹೋಗಿದೆ. ತೆಗೆಯಿರಿ ಎಂದು ಯಾರೂ ಹೇಳಿಲ್ಲ, ನಾನೂ ತೆಗೆದಿಲ್ಲ. ದಿನಾ ಬೆಳಿಗ್ಗೆ ಬಂದು ರಕ್ತನಿಧಿಯ ಹೆಸರು ತೆರೆದು ನೋಡುತ್ತೇನೆ. ತೆರೆಯುತ್ತದೆ. ಕೆಲವು ದಿನ 'ತಡಿ' ಓಡಿಸುತ್ತೇನೆ. ಕಾಯಲು ಅದಕ್ಕೆ ಯಾವ ಕೀಯೂ ಇಲ್ಲ, ಏನೂ ತೋರಿಸುವುದಿಲ್ಲ.

ನನಗೆ ಗೊತ್ತಿದ್ದದ್ದು ಇಷ್ಟು. ಮುಂದೆ ಬರೆಯುವುದಕ್ಕೆ ಏನೂ ಇಲ್ಲ.